ಮಂಡಿ ಬದಲಿ ಶಸ್ತ್ರಚಿಕಿತ್ಸೆಗೆ ಒಂದೇ ದಿನದ ಆ್ಯಂಟಿಬಯೋಟಿಕ್ ಸಾಕೇ?

ಮುಂದಿನ ವಾರ ನಿಮ್ಮ ತಾಯಿಯವರಿಗೆ ಮಂಡಿ ಬದಲಿ ಶಸ್ತ್ರಚಿಕಿತ್ಸೆ ನಡೆಯಲಿದೆ. ಆಪರೇಷನ್‌ಗೆ ಮುಂಚೆ ಒಂದು, ಆಮೇಲೆ ಎರಡು ಆ್ಯಂಟಿಬಯೋಟಿಕ್ ಇಂಜೆಕ್ಷನ್ ಸಾಕೆಂದು ವೈದ್ಯರು ಹೇಳಿದ್ದಾರೆ. ಪಕ್ಕದ ಮನೆಯವರಿಗೆ ಇದೇ ಆಪರೇಷನ್ ಆದಾಗ ಐದು ದಿನ ಇಂಜೆಕ್ಷನ್, ಹತ್ತು ದಿನ ಮಾತ್ರೆ ಕೊಟ್ಟಿದ್ದರಲ್ಲ, ಇದರಲ್ಲಿ ಯಾವುದು ಸರಿ ಎಂದು ಕೇಳಿದ್ದೀರಿ. ನಾನು ಅರಿವಳಿಕೆ ವೈದ್ಯ. ಆ ಮೊದಲನೆಯ ಇಂಜೆಕ್ಷನ್ ಕೊಡುವ ಕೈ ಬಹುಪಾಲು ನನ್ನದೇ. ನಿಮ್ಮ ವೈದ್ಯರು ಹೇಳಿರುವುದು ಸರಿಯಾಗಿಯೇ ಇದೆ. ಎಷ್ಟು ದಿನ ಕೊಡುತ್ತಾರೆ ಎಂಬುದಕ್ಕಿಂತ ಮೊದಲ ಡೋಸ್ ಎಷ್ಟು ಹೊತ್ತಿಗೆ ಬೀಳುತ್ತದೆ ಎಂಬುದೇ ಇಲ್ಲಿ ಮುಖ್ಯ.

ಚರ್ಮವನ್ನು ಎಷ್ಟೇ ಶುಚಿಗೊಳಿಸಿದರೂ ಕೂದಲ ಬುಡದಲ್ಲಿ, ಬೆವರು ಗ್ರಂಥಿಗಳಲ್ಲಿ ಅಡಗಿರುವ ಸ್ಟ್ಯಾಫಿಲೋಕಾಕಸ್ ಜಾತಿಯ ಬ್ಯಾಕ್ಟೀರಿಯಾಗಳು ಪೂರ್ತಿ ಹೋಗುವುದಿಲ್ಲ. ಬರಿಯ ಮಾಂಸದಲ್ಲಿ ಅವು ನೆಲೆಯೂರುವುದು ಕಷ್ಟ. ಹೊರಗಿನ ವಸ್ತುವೊಂದು ಜೊತೆಗಿದ್ದರೆ ಕಥೆಯೇ ಬೇರೆ. 1957ರಲ್ಲಿ ಎಲೆಕ್ ಮತ್ತು ಕೋನೆನ್ ಎಂಬ ಸಂಶೋಧಕರು ಸ್ವಯಂಸೇವಕರ ಚರ್ಮದಲ್ಲಿ ಪರೀಕ್ಷಿಸಿದಾಗ, ಕೀವು ಕಟ್ಟಲು ಲಕ್ಷಾಂತರ ಬ್ಯಾಕ್ಟೀರಿಯಾ ಬೇಕಾಗಿದ್ದ ಕಡೆ, ಹೊಲಿಗೆಯ ದಾರವೊಂದು ಇದ್ದಾಗ ಕೆಲವು ನೂರೇ ಸಾಕಾದವು. ನಿಮ್ಮ ತಾಯಿಯವರ ಮಂಡಿಯೊಳಗೆ ಕೂರಲಿರುವುದು ದಾರವಲ್ಲ, ಲೋಹ ಮತ್ತು ಪ್ಲಾಸ್ಟಿಕ್. ಅದರ ಮೇಲೆ ಬ್ಯಾಕ್ಟೀರಿಯಾ ಲೋಳೆಯಂಥ ಪದರ ಕಟ್ಟಿಕೊಂಡಿತೆಂದರೆ ಔಷಧಿ ಒಳಗೆ ಇಳಿಯುವುದು ಬಹಳ ಕಷ್ಟ. ಕೆಲವೊಮ್ಮೆ ಹಾಕಿದ ಕೀಲನ್ನೇ ತೆಗೆಯಬೇಕಾಗುತ್ತದೆ. ಆದ್ದರಿಂದ ಚಾಕು ಚರ್ಮಕ್ಕೆ ತಾಗುವ ಹೊತ್ತಿಗೇ ರಕ್ತದಲ್ಲಿ, ಮೂಳೆಯಲ್ಲಿ ಔಷಧಿ ತುಂಬಿರಬೇಕು. 1961ರಲ್ಲಿ ಜಾನ್ ಬರ್ಕ್ ಗಿನಿಯಿಲಿಗಳ ಮೇಲೆ ಮಾಡಿದ ಪ್ರಯೋಗದಲ್ಲಿ, ಬ್ಯಾಕ್ಟೀರಿಯಾ ಒಳಹೊಕ್ಕು ಮೂರು ಗಂಟೆ ಕಳೆದ ಮೇಲೆ ಕೊಟ್ಟ ಔಷಧಿ ಕೊಟ್ಟರೂ ಒಂದೇ, ಬಿಟ್ಟರೂ ಒಂದೇ ಎಂಬಂತಾಗಿತ್ತು.

ನಾವು ಹೆಚ್ಚಾಗಿ ಬಳಸುವುದು ಸೆಫಜೋಲಿನ್. ಒಂದೊಂದು ಗ್ರಾಮಿನ ಎರಡು ಬಾಟಲಿಗಳ ಬಿಳಿ ಪುಡಿಯನ್ನು ನೀರಿನಲ್ಲಿ ಕದಡಿ, ಕಣ ಉಳಿದಿಲ್ಲವೆಂದು ದೀಪಕ್ಕೆ ಹಿಡಿದು ನೋಡಿ, ಮೂರರಿಂದ ಐದು ನಿಮಿಷ ನಿಧಾನವಾಗಿ ರಕ್ತನಾಳಕ್ಕೆ ಬಿಡುತ್ತೇನೆ. ರೋಗಿಯ ತೂಕ 120 ಕಿಲೋ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಮೂರು ಗ್ರಾಂ ಬೇಕು. ಚರ್ಮ ಕೊಯ್ಯುವ ಮೊದಲಿನ 60 ನಿಮಿಷದೊಳಗೆ ಇದು ಮುಗಿದಿರಬೇಕು. ಮಂಡಿಯ ವಿಷಯದಲ್ಲಿ ಇನ್ನೊಂದು ಸೂಕ್ಷ್ಮವಿದೆ: ರಕ್ತ ಸುರಿಯದಿರಲೆಂದು ತೊಡೆಗೆ ಸುತ್ತುವ ಟೂರ್ನಿಕೆಗೆ ಒಮ್ಮೆ ಗಾಳಿ ತುಂಬಿದರೆ ಅದರ ಕೆಳಗೆ ರಕ್ತವೂ ಹೋಗದು, ಔಷಧಿಯೂ ಹೋಗದು.

ನನ್ನ ವೃತ್ತಿಯ ಆರಂಭದ ದಿನಗಳಲ್ಲಿ ಒಂದು ಆಸ್ಪತ್ರೆಯಲ್ಲಿ, ವಾರ್ಡಿನಲ್ಲಿಯೇ ಬೆಳಗ್ಗೆ ಎಂಟಕ್ಕೆ ಇಂಜೆಕ್ಷನ್ ಕೊಟ್ಟು ರೋಗಿಯನ್ನು ಕಳಿಸುವ ರೂಢಿಯಿತ್ತು. ಒಂದು ದಿನ ಮೊದಲನೆಯ ಕೇಸ್ ಎಳೆದಾಡಿ, ಎರಡನೆಯವರ ಸರದಿ ಬರುವಾಗ ಹನ್ನೊಂದಾಯಿತು. ಫೈಲಿನಲ್ಲಿ ‘ಕೊಡಲಾಗಿದೆ’ ಎಂದಿದ್ದನ್ನು ನೋಡಿದ ನಾನು ಸಮಯ ನೋಡಲಿಲ್ಲ. ಗಮನಕ್ಕೆ ಬರುವಷ್ಟರಲ್ಲಿ ಟೂರ್ನಿಕೆ ಬಿಗಿದಾಗಿತ್ತು. ಆ ಅಜ್ಜಿಗೆ ಸೋಂಕಾಗಲಿಲ್ಲ, ಅದು ಅವರ ಪುಣ್ಯ. ಅಂದಿನಿಂದ ಔಷಧಿ ರೋಗಿಯ ಜೊತೆಗೇ ಥಿಯೇಟರಿಗೆ ಬರಬೇಕೆಂದು ಹಟ ಹಿಡಿದಿದ್ದೇನೆ.

ಇನ್ನು ಆಮೇಲಿನ ಡೋಸ್‌ಗಳು. ಶಸ್ತ್ರಚಿಕಿತ್ಸೆ ನಾಲ್ಕು ಗಂಟೆ ದಾಟಿದರೆ ಅಥವಾ ಒಂದೂವರೆ ಲೀಟರಿಗಿಂತ ಹೆಚ್ಚು ರಕ್ತ ಹೋದರೆ ಮೇಜಿನ ಮೇಲೆಯೇ ಇನ್ನೊಂದು ಡೋಸ್ ಕೊಡುತ್ತೇವೆ. ಹೊಲಿಗೆ ಬಿದ್ದ ಮೇಲೆ ಮುಂದುವರಿಸುವುದರಿಂದ ಲಾಭವಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲೇ ಹೇಳಿದೆ. ಆದರೂ ಕೀಲು ಬದಲಿಯಲ್ಲಿ 24 ಗಂಟೆಯವರೆಗೆ ಕೊಡುವ ಪದ್ಧತಿ ವ್ಯಾಪಕವಾಗಿದೆ, ನಿಮ್ಮ ವೈದ್ಯರ ಎರಡು ಇಂಜೆಕ್ಷನ್ ಅದೇ ಲೆಕ್ಕದವು. ಪಕ್ಕದ ಮನೆಯವರದು ಹಳೆಯ ರೂಢಿ. ಹತ್ತು ದಿನದ ಮಾತ್ರೆಯಿಂದ ಹೊಟ್ಟೆ ಕೆಟ್ಟು ಭೇದಿ ಹತ್ತಬಹುದು, ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾ ಬೆಳೆಯಬಹುದು. ಅಪಘಾತದಲ್ಲಿ ಮೂಳೆ ಚರ್ಮ ಸೀಳಿ ಹೊರಬಂದಿದ್ದರೆ ಮಾತ್ರ ಈ ಲೆಕ್ಕ ಬೇರೆ: ಅಲ್ಲಿ ಆಸ್ಪತ್ರೆ ಮುಟ್ಟಿದ ತಕ್ಷಣವೇ ಔಷಧಿ ಶುರುವಾಗಬೇಕು, ಗಾಯ ದೊಡ್ಡದಿದ್ದರೆ ಎರಡು-ಮೂರು ದಿನ ಮುಂದುವರಿಯಲೂಬಹುದು.

ತಾಯಿಯವರಿಗೆ ಪೆನಿಸಿಲಿನ್ ಅಲರ್ಜಿ ಇದೆಯೆಂದು ಬರೆದಿದ್ದೀರಿ. ಏನಾಗಿತ್ತು, ಯಾವಾಗ ಆಗಿತ್ತು, ಬರೀ ತುರಿಕೆಯೋ ಅಥವಾ ಉಸಿರು ಕಟ್ಟಿತ್ತೋ ಎಂಬುದನ್ನು ಅರಿವಳಿಕೆ ವೈದ್ಯರಿಗೆ ಬಿಡಿಸಿ ಹೇಳಿ. ಸೆಫಜೋಲಿನ್‌ನ ರಚನೆ ಪೆನಿಸಿಲಿನ್‌ಗಿಂತ ಸಾಕಷ್ಟು ಭಿನ್ನವಾಗಿರುವುದರಿಂದ ಹೆಚ್ಚಿನವರಿಗೆ ಅದನ್ನೇ ಕೊಡಬಹುದು. ಬದಲಿಗೆ ವ್ಯಾಂಕೊಮೈಸಿನ್ ಕೊಡುವುದಾದರೆ ಅದನ್ನು ಸುಮಾರು ಒಂದು ಗಂಟೆ ಹನಿಹನಿಯಾಗಿ ಬಿಡಬೇಕು, ಆದ್ದರಿಂದ ಇನ್ನೂ ಮೊದಲೇ ಆರಂಭಿಸಬೇಕಾಗುತ್ತದೆ. ಸಕ್ಕರೆ ಕಾಯಿಲೆಯಿದ್ದರೆ ಹತೋಟಿಗೆ ತನ್ನಿ, ಮನೆಯಲ್ಲಿ ಬ್ಲೇಡಿನಿಂದ ಕಾಲು ಬೋಳಿಸಬೇಡಿ, ಹಲ್ಲಿನ ಕೀವು, ಉರಿಮೂತ್ರ, ಕುರು ಇದ್ದರೆ ಮುಚ್ಚಿಡಬೇಡಿ.

ಮನೆಗೆ ಬಂದ ಮೇಲೆ ಗಾಯ ಒಸರುತ್ತಲೇ ಇದ್ದರೆ ಮೆಡಿಕಲ್ ಶಾಪಿನಿಂದ ಮಾತ್ರೆ ತಂದು ನುಂಗಿಸದೆ ನೇರವಾಗಿ ಸರ್ಜನ್ ಹತ್ತಿರ ಕರೆದೊಯ್ಯಿರಿ. ಮಾತ್ರೆ ಒಳಗೆ ಹೋಗಿದ್ದರೆ ಕೀಲಿನ ನೀರನ್ನು ಕಲ್ಚರ್‌ಗೆ ಕಳಿಸಿದಾಗ ಬ್ಯಾಕ್ಟೀರಿಯಾ ಬೆಳೆಯದೆ, ಯಾವ ಔಷಧಿ ಕೊಡಬೇಕೆಂಬುದೇ ತಿಳಿಯದೆ ಹೋಗಬಹುದು.