ಓದುಗರ ಪ್ರಶ್ನೆ: ಹಳೆಯ ಬೈಕು ಟ್ರ್ಯಾಕಿಗೆ ಇಳಿಯುವ ಮುನ್ನ

ಪ್ರಶ್ನೆ: ನನ್ನ ಬಳಿ 2009ರ ಯಮಹಾ ಆರ್15 ಇದೆ. ಕೆಎ-17 ನೋಂದಣಿಯ 15 ವರ್ಷದ ಅವಧಿ ಮುಗಿದಿದ್ದು, ಇನ್ನೂ ನವೀಕರಿಸಿಲ್ಲ. ಮಾರಲು ಮನಸ್ಸು ಬರುತ್ತಿಲ್ಲ. ಇದನ್ನು ಟ್ರ್ಯಾಕ್ ಬೈಕಾಗಿ ಮಾರ್ಪಡಿಸಿ, ವರ್ಷಕ್ಕೆ ಎರಡು ಮೂರು ಬಾರಿ ಚೆನ್ನೈ ಅಥವಾ ಕೊಯಮತ್ತೂರಿನ ಟ್ರ್ಯಾಕಿನಲ್ಲಿ ಓಡಿಸಬೇಕೆಂಬ ಆಸೆಯಿದೆ. ಮೊದಲು ಬೋರ್ (ಸಿಲಿಂಡರಿನ ಒಳವ್ಯಾಸ) ಹೆಚ್ಚಿಸಿ, ಹೊಗೆ ಸರಾಗವಾಗಿ ಹೊರಹೋಗುವ ಫ್ರೀ ಫ್ಲೋ ಸೈಲೆನ್ಸರ್ ಹಾಕೋಣ ಎಂದು ನಮ್ಮ ಮೆಕ್ಯಾನಿಕ್ ಹೇಳುತ್ತಾರೆ. ಎಲ್ಲಿಂದ ಆರಂಭಿಸಬೇಕು? ಉಳಿದ ದಿನಗಳಲ್ಲಿ ಊರೊಳಗೂ ಓಡಿಸಬಹುದೇ?
— ಓದುಗರೊಬ್ಬರು, ನಿಟ್ಟುವಳ್ಳಿ, ದಾವಣಗೆರೆ

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳುತ್ತೇನೆ, ಏಕೆಂದರೆ ಕೆಲಸದ ಕ್ರಮ ಅದನ್ನೇ ಅವಲಂಬಿಸಿದೆ. ಊರಿಗೂ ಟ್ರ್ಯಾಕಿಗೂ ಒಂದೇ ಬೈಕು ಸಾಧ್ಯವಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ತಯಾರಕರು ಕೊಟ್ಟ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ತಿದ್ದುಪಡಿಯ ನಂತರ ಇಂಥ ಒಂದೊಂದು ಮಾರ್ಪಾಡಿಗೂ ಮಾಲೀಕನಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗಿನ ಸೆರೆವಾಸ ಅಥವಾ ಎರಡನ್ನೂ ವಿಧಿಸಬಹುದು. ಹೆಡ್‌ಲೈಟು, ಕನ್ನಡಿ, ನಂಬರ್ ಪ್ಲೇಟು ಬಿಚ್ಚಿದ ಬೈಕನ್ನು ಪಿ.ಬಿ. ರಸ್ತೆಗೆ ಇಳಿಸುವ ಮಾತೇ ಬೇಡ. ನವೀಕರಿಸಿದರೆ ಐದು ವರ್ಷಗಳ ಅವಧಿ ಸಿಗುತ್ತದೆ, ಆದರೆ ಬೈಕು ಮೂಲ ರೂಪದಲ್ಲಿಯೇ ಇರಬೇಕಾಗುತ್ತದೆ. ಟ್ರ್ಯಾಕ್ ಬೈಕೇ ಆಗಬೇಕೆಂದು ನಿರ್ಧರಿಸಿದರೆ, ಆರ್‌ಟಿಒ ಕಚೇರಿಗೆ ಹೋಗಿ ನೋಂದಣಿಯ ವಿಲೇವಾರಿಯ ಬಗ್ಗೆ ಲಿಖಿತವಾಗಿ ವಿಚಾರಿಸಿ, ಆ ಕಾಗದಪತ್ರಗಳು ಕೈಸೇರಿದ ಮೇಲೆ ಸ್ಪ್ಯಾನರ್ ಹಿಡಿಯಿರಿ. ಬೈಕು ಬಿಚ್ಚಿದ ಮೇಲೆ ಮನಸ್ಸು ಬದಲಾದರೆ ಮರಳಿ ರಸ್ತೆಗೆ ತರುವುದು ಬಹಳ ಕಷ್ಟ.

ಇನ್ನು ನಿಮ್ಮ ಮೆಕ್ಯಾನಿಕ್ ಅವರ ಸಲಹೆಯನ್ನು ನಾನು ಒಪ್ಪುವುದಿಲ್ಲ. ನಿಮ್ಮ ಆರ್15ರ ಸಿಲಿಂಡರು ಡಯಾಸಿಲ್ ಎಂಬ ಅಲ್ಯೂಮಿನಿಯಂ-ಸಿಲಿಕಾನ್ ಮಿಶ್ರಲೋಹದ್ದು. ಹಳೆಯ ಬೈಕುಗಳ ಸಿಲಿಂಡರಿನೊಳಗಿರುವ ಕಬ್ಬಿಣದ ಲೈನರು (ಒಳಕೊಳವೆ) ಇದರಲ್ಲಿಲ್ಲ. ಆದ್ದರಿಂದ ಸಾಮಾನ್ಯ ರೀಬೋರಿಂಗ್ ಅಂಗಡಿಯಲ್ಲಿ ಕೊರೆಸಿ ದೊಡ್ಡ ಪಿಸ್ಟನ್ ಕೂರಿಸುವ ಕ್ರಮ ಇದಕ್ಕೆ ಹೊಂದುವುದಿಲ್ಲ. ಹೊಸದಾಗಿ ಸ್ಲೀವ್ (ಅಂಥದೇ ಒಳಕೊಳವೆ) ಬಡಿಸಬೇಕಾಗುತ್ತದೆ, ಅದರಿಂದ ಶಾಖ ಹರಿದುಹೋಗುವ ಗುಣವೂ ಕೆಡಬಹುದು. ಇಂಧನ ಇಂಜೆಕ್ಷನ್ನಿನ ಲೆಕ್ಕವನ್ನು ಬದಲಿಸದೆ ಸೈಲೆನ್ಸರನ್ನಷ್ಟೇ ಬದಲಿಸಿದರೆ ಮಿಶ್ರಣದಲ್ಲಿ ಪೆಟ್ರೋಲಿನ ಪಾಲು ಕಡಿಮೆಯಾಗಿ, ದೀರ್ಘಕಾಲ ಪೂರ್ತಿ ಥ್ರಾಟಲ್‌ನಲ್ಲಿ ಓಡುವಾಗ ಎಂಜಿನ್ ಬಿಸಿಯಾಗುತ್ತದೆ. 149.8 ಸಿಸಿಯ ಈ ಎಂಜಿನ್ ಹೊಸದಾಗಿದ್ದಾಗ 8,500 ಆರ್‌ಪಿಎಂನಲ್ಲಿ 17 ಪಿಎಸ್ ಶಕ್ತಿ ಕೊಡುತ್ತಿತ್ತು. ಕಂಪ್ರೆಷನ್ ನೋಡಿಸಿ, ವಾಲ್ವ್ ಕ್ಲಿಯರೆನ್ಸ್ ಸರಿಪಡಿಸಿ, ರೇಡಿಯೇಟರು, ವಾಟರ್ ಪಂಪು ಮತ್ತು ಹೋಸುಗಳನ್ನು ಪರೀಕ್ಷಿಸಿ, ಹೊಸ ಆಯಿಲ್ ಹಾಕಿ ಆ 17 ಪಿಎಸ್ ಮರಳಿ ಬರುವಂತೆ ಮಾಡಿದರೆ ಕಲಿಯುವವನಿಗೆ ಅದು ಯಥೇಚ್ಛ. ಯಮಹಾದವರು ಇದೇ ಆರ್15ಗಾಗಿ ಏಕ ಮಾದರಿ ರೇಸುಗಳನ್ನು ನಡೆಸಿದ್ದಾರೆ. ಇದರ ಡೆಲ್ಟಾಬಾಕ್ಸ್ ಚಾಸಿ ಟ್ರ್ಯಾಕಿಗೆ ಹೇಳಿ ಮಾಡಿಸಿದ್ದು. ಎಂಜಿನ್ನಿಗೆ ಸುರಿಯಬೇಕೆಂದಿರುವ ಹಣವನ್ನು ದಯವಿಟ್ಟು ಬ್ರೇಕು, ಟೈರು ಮತ್ತು ಸಸ್ಪೆನ್ಷನ್ನಿಗೆ ಮೀಸಲಿಡಿ.

ಬ್ರೇಕಿನಿಂದಲೇ ಆರಂಭಿಸಿ. ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವವನ್ನು ಸದಾ ಹೀರಿಕೊಳ್ಳುತ್ತದೆ. ಡಾಟ್ 4 ಮಾನದಂಡದ ಹೊಸ ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು; ತೇವ ಹೀರಿದ ಮೇಲೆ ಆ ಮಿತಿ 155 ಡಿಗ್ರಿಗೆ ಇಳಿಯುತ್ತದೆ. ಊರೊಳಗಿನ ಓಡಾಟದಲ್ಲಿ ಇದು ಗಮನಕ್ಕೇ ಬರುವುದಿಲ್ಲ. ಟ್ರ್ಯಾಕಿನಲ್ಲಿ ಸುತ್ತು ಸುತ್ತಿಗೂ ಅದೇ ತಿರುವಿಗೆ ಗಟ್ಟಿಯಾಗಿ ಬ್ರೇಕ್ ಹಿಡಿಯುವುದರಿಂದ ಆಯಿಲ್ ಕುದಿದು, ಕೊಳವೆಯಲ್ಲಿ ಗುಳ್ಳೆಗಳೆದ್ದು, ಲಿವರು ಹಿಡಿಕೆಯವರೆಗೂ ಮೆತ್ತಗೆ ಬಂದುಬಿಡುತ್ತದೆ. ಹಳೆಯ ಆಯಿಲನ್ನು ಪೂರ್ತಿ ತೆಗೆಸಿ, ಡಿಸ್ಕನ್ನು ಹಿಡಿಯುವ ಕ್ಯಾಲಿಪರ್ ಬಿಚ್ಚಿ ಸೀಲುಗಳನ್ನು ಬದಲಿಸಿ, ರಬ್ಬರ್ ಹೋಸಿನ ಜಾಗದಲ್ಲಿ ಉಕ್ಕಿನ ಹೆಣಿಗೆಯ ಹೋಸ್ ಹಾಕಿಸಿ. ಮುಂದಿನ 267 ಮಿಲಿಮೀಟರ್ ಡಿಸ್ಕಿನ ದಪ್ಪವನ್ನೂ ಅಳೆಯಿಸಿ. ಕನಿಷ್ಠ ಮಿತಿಗಿಂತ ಸವೆದಿದ್ದರೆ ಬದಲಿಸಲೇಬೇಕು.

ಟೈರಿನ ಪಕ್ಕದಲ್ಲಿ ಡಾಟ್ (DOT) ಎಂಬ ಇಂಗ್ಲಿಷ್ ಅಕ್ಷರಗಳಿಂದ ಆರಂಭವಾಗುವ ಸಾಲಿನ ಕೊನೆಯಲ್ಲಿ ನಾಲ್ಕು ಅಂಕಿಗಳಿರುತ್ತವೆ. 2319 ಎಂದಿದ್ದರೆ ಅದು 2019ರ 23ನೇ ವಾರದಲ್ಲಿ ತಯಾರಾದ ಟೈರು. ಬಟನ್ನುಗಳು ಚೆನ್ನಾಗಿವೆ ಎಂದು ಹಳೆಯ ಟೈರನ್ನು ನಂಬಬೇಡಿ. ವರ್ಷಗಳು ಕಳೆದಂತೆ, ಅದರಲ್ಲೂ ನಮ್ಮ ಭಾಗದ ಬಿಸಿಲಿಗೆ, ರಬ್ಬರು ಗಟ್ಟಿಯಾಗಿ ಹಿಡಿತ ಕಳೆದುಕೊಳ್ಳುತ್ತದೆ. ಮೂಲ ರಿಮ್ಮಿಗೆ ಹೊಂದದಷ್ಟು ಅಗಲದ ಹಿಂದಿನ ಟೈರು ಹಾಕಿಸುವ ಚಟ ಹುಡುಗರಲ್ಲಿದೆ. ಅದರಿಂದ ಟೈರಿನ ಆಕಾರವೇ ಕೆಟ್ಟು ಬೈಕು ತಿರುಗಲು ಹಟ ಮಾಡುತ್ತದೆ. ಸಸ್ಪೆನ್ಷನ್ ವಿಷಯದಲ್ಲಿ ಫೋರ್ಕಿನ ಆಯಿಲ್ ಮತ್ತು ಸೀಲು, ಹ್ಯಾಂಡಲ್ಲಿನ ಕೋನ್ ಸೆಟ್, ಸ್ವಿಂಗ್ ಆರ್ಮಿನ ಬುಷ್ ಇವಿಷ್ಟನ್ನು ಹೊಸದು ಮಾಡಿದರೆ ಇಷ್ಟು ಹಳೆಯ ಬೈಕಿನ ಅರ್ಧಕ್ಕರ್ಧ ಅಲುಗಾಟ ನಿಂತುಹೋಗುತ್ತದೆ.

ಬಳಿಕ ಬಿಚ್ಚುವ ಕೆಲಸ: ದೀಪಗಳು, ಇಂಡಿಕೇಟರು, ಕನ್ನಡಿ, ಹಾರ್ನು, ಸೀರೆ ಗಾರ್ಡು, ಹಿಂಬದಿ ಸವಾರನ ಫುಟ್‌ರೆಸ್ಟು, ಸೈಡ್ ಸ್ಟ್ಯಾಂಡು ಎಲ್ಲವೂ ಹೋಗಬೇಕು. ಎಂಜಿನ್ ನಿಲ್ಲಿಸುವ ಕಿಲ್ ಸ್ವಿಚ್ ಮಾತ್ರ ಇದ್ದು, ಕೆಲಸ ಮಾಡುತ್ತಿರಬೇಕು. ಥ್ರಾಟಲ್ ಕೈಬಿಟ್ಟ ಕೂಡಲೇ ತಾನಾಗಿ ಮುಚ್ಚಿಕೊಳ್ಳಬೇಕು.

ಇದರಲ್ಲಿ ಅತ್ಯಂತ ತಾಳ್ಮೆ ಬೇಡುವ ಮತ್ತು ನನ್ನ ದೃಷ್ಟಿಯಲ್ಲಿ ಅತ್ಯಂತ ಗೌರವದ ಕೆಲಸವೆಂದರೆ ಲಾಕ್ ವೈರ್ ಕಟ್ಟುವುದು. ಆಯಿಲ್ ಡ್ರೈನ್ ಬೋಲ್ಟು, ಆಯಿಲ್ ತುಂಬುವ ಮುಚ್ಚಳ, ಫಿಲ್ಟರ್ ಮುಚ್ಚಳದ ಬೋಲ್ಟುಗಳು ಮತ್ತು ಕ್ಯಾಲಿಪರ್ ಬೋಲ್ಟುಗಳ ತಲೆಯಲ್ಲಿ ಸುಮಾರು 1.5 ಮಿಲಿಮೀಟರ್ ರಂಧ್ರ ಕೊರೆದು, 0.8 ಮಿಲಿಮೀಟರಿನ ಸ್ಟೇನ್‌ಲೆಸ್ ತಂತಿಯನ್ನು ಹೆಣೆದು ಕಟ್ಟಬೇಕು. ಬೋಲ್ಟನ್ನು ವೈಸಿನಲ್ಲಿ ಬಿಗಿದು, ಸೆಂಟರ್ ಪಂಚಿನಿಂದ ಗುರುತು ಹಾಕಿ, ಹನಿ ಹನಿಯಾಗಿ ಆಯಿಲ್ ಬಿಡುತ್ತ ನಿಧಾನವಾಗಿ ಕೊರೆಯಿರಿ. ಡ್ರಿಲ್ ಬಿಟ್ಟು ಇನ್ನೇನು ಆಚೆ ಬದಿಗೆ ಬರಬೇಕು ಎನ್ನುವ ಗಳಿಗೆಯಲ್ಲೇ ಮುರಿಯುವುದು, ಆದ್ದರಿಂದ ಅಲ್ಲಿ ಒತ್ತಡ ಕಡಿಮೆ ಮಾಡಿ. ತಂತಿ ಯಾವಾಗಲೂ ಬೋಲ್ಟನ್ನು ಬಿಗಿಯಾಗುವ ದಿಕ್ಕಿಗೇ ಎಳೆಯುವಂತಿರಬೇಕು; ತಿರುಗುಮುರುಗಾಗಿ ಕಟ್ಟಿದರೆ ಕಟ್ಟಿಯೂ ಪ್ರಯೋಜನವಿಲ್ಲ. ಡ್ರೈನ್ ಬೋಲ್ಟೊಂದು ಸಡಿಲಗೊಂಡರೆ ಚೆಲ್ಲುವ ಆಯಿಲು ಮೊದಲು ನಿಮ್ಮ ಹಿಂದಿನ ಟೈರಿಗೆ, ನಂತರ ಹಿಂದೆ ಬರುವ ಎಲ್ಲರ ಟೈರಿಗೆ ತಗಲುತ್ತದೆ. ಇದೇ ಕಾರಣಕ್ಕೆ ರೇಸುಗಳಲ್ಲಿ ಫೇರಿಂಗಿನ (ಬೈಕಿನ ಹೊರಕವಚದ) ಕೆಳಭಾಗ ಎಂಜಿನ್ನಿನ ಆಯಿಲ್ ಮತ್ತು ಕೂಲೆಂಟಿನ ಅರ್ಧದಷ್ಟನ್ನಾದರೂ ಹಿಡಿಯುವ ತೊಟ್ಟಿಯಂತಿರಬೇಕೆಂಬ ನಿಯಮ ಬಂದಿತು. ಗ್ಲೈಕಾಲ್ ಇರುವ ಕೂಲೆಂಟು ಚೆಲ್ಲಿದರೆ ಜಾರುತ್ತದೆ. ಅದನ್ನು ತೆಗೆದು ಡಿಸ್ಟಿಲ್ಡ್ ನೀರು ತುಂಬಿಸಿ, ಊರಿಗೆ ಮರಳಿದ ಮೇಲೆ ತುಕ್ಕು ತಡೆಯಲು ಮತ್ತೆ ಕೂಲೆಂಟು ಹಾಕಿ.

ಸ್ಟ್ಯಾಂಡು ಬಿಚ್ಚಿದ ಮೇಲೆ ಬೈಕನ್ನು ಎತ್ತಿ ನಿಲ್ಲಿಸುವ ಪ್ಯಾಡಾಕ್ ಸ್ಟ್ಯಾಂಡು ಹಿಡಿಯಲು ಬೇಕಾಗುವ ಬಾಬಿನ್ನುಗಳನ್ನೂ, ಬಿದ್ದಾಗ ಚಾಸಿಯನ್ನು ಕಾಪಾಡುವ ಡೆಲ್ರಿನ್ ಪ್ಲಾಸ್ಟಿಕ್ಕಿನ ಸ್ಲೈಡರುಗಳನ್ನೂ ಹೊರಗಿನಿಂದ ತರಿಸಬೇಕಾಗಿಲ್ಲ. ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಲೇತ್ ಯಂತ್ರಗಳನ್ನೇ ತಯಾರಿಸುತ್ತಿದ್ದ ಹರಿಹರ ನಿಮ್ಮ ಪಕ್ಕದಲ್ಲಿದೆ. ಅಳತೆ ಬರೆದ ಚಿತ್ರ ಕೊಟ್ಟರೆ ಒಳ್ಳೆಯ ಟರ್ನರ್ ಒಬ್ಬರು ಅಚ್ಚುಕಟ್ಟಾಗಿ ಮಾಡಿಕೊಡುತ್ತಾರೆ.

ಟ್ರ್ಯಾಕಿಗೆ ಹೋಗುವ ದಾರಿ ಸರಳವಾಗಿದೆ. ನಿಮ್ಮ ಊರಿನ ಹೊರವಲಯದಲ್ಲಿ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 48 ಚಿತ್ರದುರ್ಗ, ತುಮಕೂರು, ಬೆಂಗಳೂರು, ಕೃಷ್ಣಗಿರಿ ದಾಟಿ, ಶ್ರೀಪೆರಂಬುದೂರಿನ ಬಳಿಯ ಇರುಂಗಾಟ್ಟುಕೋಟ್ಟೈವರೆಗೂ ಹೋಗುತ್ತದೆ. ಮದ್ರಾಸ್ ಮೋಟಾರ್ ರೇಸ್ ಟ್ರ್ಯಾಕ್ (ಈಗಿನ ಹೆಸರು ಮದ್ರಾಸ್ ಇಂಟರ್‌ನ್ಯಾಷನಲ್ ಸರ್ಕ್ಯೂಟ್) ಇರುವುದು ಅಲ್ಲಿಯೇ, ಸುತ್ತು 3.7 ಕಿಲೋಮೀಟರ್. ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ 2.1 ಕಿಲೋಮೀಟರಿನದು, 150 ಸಿಸಿ ಬೈಕಿನಲ್ಲಿ ತಿರುವು ಕಲಿಯಲು ನಾನು ಅದನ್ನೇ ಮೊದಲು ಸೂಚಿಸುತ್ತೇನೆ. ಬೈಕನ್ನು ಗೂಡ್ಸ್ ಗಾಡಿಯಲ್ಲೇ ಸಾಗಿಸಬೇಕು. ಫುಲ್ ಫೇಸ್ ಹೆಲ್ಮೆಟ್, ಚರ್ಮದ ಸೂಟು, ಬೆನ್ನಿನ ರಕ್ಷಾಕವಚ, ಗ್ಲೌಸು ಮತ್ತು ಬೂಟುಗಳ ಖರ್ಚನ್ನು ಬೈಕಿನ ಖರ್ಚಿನ ಜೊತೆಗೇ ಲೆಕ್ಕ ಹಾಕಿ. ಅದಕ್ಕೆ ಹಣ ಸಾಲದಿದ್ದರೆ ಫೇರಿಂಗಿನ ಬಣ್ಣ ಕಾಯಲಿ.

ಪ್ರಶ್ನೆ: ನಮ್ಮ ಮನೆಯಲ್ಲಿ ನಾನು ಜೋಪಾನ ಮಾಡಿದ 1994ರ ಯಮಹಾ ಆರ್‌ಎಕ್ಸ್ 100 ಇದೆ. ಕಾಲೇಜಿಗೆ ಹೋಗುವ ಮಗ ಅದನ್ನು ಕತ್ತರಿಸಿ ಟ್ರ್ಯಾಕ್ ಬೈಕು ಮಾಡುತ್ತೇನೆ, ಬೈಪಾಸಿನಲ್ಲಿ ಪರೀಕ್ಷಿಸುತ್ತೇನೆ ಎನ್ನುತ್ತಾನೆ. ಏನು ಹೇಳಲಿ?
— ತಂದೆಯೊಬ್ಬರು, ಚಿತ್ರದುರ್ಗ

ಉತ್ತರ: ಬೈಪಾಸಿನ ಮಾತನ್ನು ಈಗಲೇ ನಿಲ್ಲಿಸಿಬಿಡಿ ಸರ್. ಲಾರಿಗಳು ಓಡಾಡುವ ಹೆದ್ದಾರಿಯಲ್ಲಿ ವೇಗ ಪರೀಕ್ಷಿಸುವುದು ಪ್ರಾಣಾಪಾಯ, ಅನುಮತಿಯಿಲ್ಲದೆ ಸಾರ್ವಜನಿಕ ರಸ್ತೆಯಲ್ಲಿ ರೇಸ್ ನಡೆಸುವುದು ಮೋಟಾರು ವಾಹನ ಕಾಯ್ದೆಯ 189ನೇ ಕಲಮಿನ ಪ್ರಕಾರ ಅಪರಾಧ. ಬೈಕಿನ ವಿಷಯಕ್ಕೆ ಬಂದರೆ, ಆರ್‌ಎಕ್ಸ್ 100ರ ತಯಾರಿಕೆ 1996ರಲ್ಲಿಯೇ ನಿಂತಿದೆ. 98 ಸಿಸಿ, 11 ಅಶ್ವಶಕ್ತಿಯ ಆ ಹಗುರ ಬೈಕು ಎಷ್ಟೇ ಚುರುಕಾಗಿದ್ದರೂ ಅದರ ಡ್ರಮ್ ಬ್ರೇಕು ಟ್ರ್ಯಾಕಿನ ಬಿಸಿಯನ್ನು ತಾಳುವುದಿಲ್ಲ. ಡಿಸ್ಕು ಕೂರಿಸಬೇಕೆಂದರೆ ಫೋರ್ಕು, ಚಕ್ರ ಎಲ್ಲವನ್ನೂ ಬದಲಿಸಬೇಕು. ಮೂಲ ಬಿಡಿಭಾಗಗಳಿರುವ ಗಾಡಿಗಳು ವರ್ಷದಿಂದ ವರ್ಷಕ್ಕೆ ಅಪರೂಪವಾಗುತ್ತಿರುವಾಗ ಅದರ ಚಾಸಿ ಕತ್ತರಿಸುವುದನ್ನು ನಾನು ಖಂಡಿತ ಒಪ್ಪಲಾರೆ. ಮಗನ ಆಸಕ್ತಿಯನ್ನು ಮಾತ್ರ ಮುರಿಯಬೇಡಿ. ಆ ಆರ್‌ಎಕ್ಸ್‌ನ ಎಂಜಿನ್ನನ್ನು ನಿಮ್ಮ ಎದುರಿನಲ್ಲೇ ಬಿಚ್ಚಿ ಜೋಡಿಸಲು ಅವನಿಗೆ ಬಿಡಿ. ಓಡಿಸುವ ಹಂಬಲವಿದ್ದರೆ, ಟ್ರ್ಯಾಕಿನಲ್ಲಿ ಬೈಕು, ಸೂಟು, ತರಬೇತಿ ಎಲ್ಲವನ್ನೂ ಕೊಡುವ ರೇಸಿಂಗ್ ಶಾಲೆಯೊಂದಕ್ಕೆ ಒಮ್ಮೆ ಸೇರಿಸಿ, ಆಮೇಲೆ ಯಾವ ಬೈಕು ಕೊಳ್ಳುವುದೆಂದು ಅವನೊಂದಿಗೆ ಕುಳಿತು ಮಾತನಾಡಿ.