ಹಳೆ ಕತ್ತಾಳೆ ಹಗ್ಗ ಮತ್ತು ಅಬಕನೊವಿಚ್

ಮೇಡಂ, ನೀವು ಹಾಕಿರುವ ಫೋಟೋದಲ್ಲಿರುವ ಆ ದೊಡ್ಡ ಕೆಂಪು ನೇಯ್ಗೆ ಪೋಲೆಂಡಿನ ಕಲಾವಿದೆ ಮಗ್ದಲೇನಾ ಅಬಕನೊವಿಚ್ ಅವರದು, 1969ರ ಕೆಲಸ. ಮನೆಯಲ್ಲಿ ಬಿದ್ದಿರುವ ಕತ್ತಾಳೆ ಹಗ್ಗದಲ್ಲಿ ಅಂಥದ್ದು ಮಾಡಬಹುದಾ ಅಂತ ಕೇಳಿದ್ದೀರಿ. ಖಂಡಿತ ಮಾಡಬಹುದು. ಅವರು ಬಳಸಿದ್ದೂ ಹಳೆ ಹಗ್ಗವೇ.

ಅವರು ಹುಟ್ಟಿದ್ದು 1930ರಲ್ಲಿ, ಜಮೀನ್ದಾರರ ಮನೆಯಲ್ಲಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಜರ್ಮನ್ ಸೈನಿಕರ ಗುಂಡಿಗೆ ಅವರ ತಾಯಿ ಒಂದು ಕೈ ಕಳೆದುಕೊಂಡರು. ಮುಂದೆ ಅಬಕನೊವಿಚ್ ಮಾಡಿದ ತಲೆಯಿಲ್ಲದ, ಕೈಯಿಲ್ಲದ ಆಕೃತಿಗಳನ್ನು ನೋಡುವಾಗ ನನಗೆ ಇದು ನೆನಪಾಗದೆ ಇರುವುದಿಲ್ಲ. 1954ರಲ್ಲಿ ವಾರ್ಸಾದ ಕಲಾ ಅಕಾಡೆಮಿಯಲ್ಲಿ ಓದು ಮುಗಿಸಿ, ಮೊದಲು ಬಟ್ಟೆ ಮತ್ತು ಕಾಗದದ ಮೇಲೆ ದೊಡ್ಡ ದೊಡ್ಡ ಚಿತ್ರ ಬರೆಯುತ್ತಿದ್ದರು. ನೇಯ್ಗೆ ಆಮೇಲೆ ಬಂತು. ಒಳ್ಳೆ ನೂಲು ಸಿಗದ ಕಾಲ, ಹಾಗಾಗಿ ವಿಸ್ಟುಲಾ ನದಿ ದಂಡೆಯಲ್ಲಿ ಬಿಸಾಡಿದ ಹಗ್ಗ ಆರಿಸಿ ತಂದು, ಎಳೆ ಬಿಡಿಸಿ, ತೊಳೆದು, ಬಣ್ಣ ಹಾಕಿ ನೇಯುತ್ತಿದ್ದರು. 1965ರಲ್ಲಿ ಬ್ರೆಜಿಲ್‌ನ ಸಾವೊ ಪಾಲೊ ಬಿನಾಲೆ ಎಂಬ ದೊಡ್ಡ ಕಲಾ ಪ್ರದರ್ಶನದಲ್ಲಿ ಚಿನ್ನದ ಪದಕವೂ ಬಂತು.

ಈಗ ನಿಮ್ಮ ಕೆಲಸಕ್ಕೆ ಬರೋಣ. ಹಗ್ಗ ಬಿಚ್ಚಿ ರಾತ್ರಿಯಿಡೀ ನೆನೆಸಿಡಿ, ಎಳೆ ಮೆತ್ತಗಾಗುತ್ತದೆ, ಬಣ್ಣವೂ ಚೆನ್ನಾಗಿ ಹಿಡಿಯುತ್ತದೆ. ಬಿಡಿಸುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ, ಧೂಳು ಜಾಸ್ತಿ. ಪೂರ್ತಿ ಒಣಗದೆ ನೇಯಬೇಡಿ, ಮಳೆಗಾಲದಲ್ಲಂತೂ ಬೂಸಲು ಬಂದೇ ಬರುತ್ತದೆ. ಇನ್ನೊಂದು ಮಾತು, ಅದನ್ನು ಗೋಡೆಗೆ ಅಂಟಿಸಿದ ಹಾಗೆ ನೇತುಹಾಕಬೇಡಿ, ಅಬಕನೊವಿಚ್ ಮೆಚ್ಚುಗೆ ಪಡೆದದ್ದೇ ನೇಯ್ಗೆಯನ್ನು ಗೋಡೆಯಿಂದ ಬಿಡಿಸಿ ಛಾವಣಿಯಿಂದ ಇಳಿಬಿಟ್ಟಿದ್ದಕ್ಕೆ, ಜನ ಸುತ್ತ ಓಡಾಡಬೇಕು, ನೆರಳು ಬೀಳಬೇಕು ಅಲ್ವಾ? ಭಾರ ತುಂಬಾ ಬರುತ್ತದೆ, ಮೊಳೆ ಸಾಲದು, ಕಬ್ಬಿಣದ ಪೈಪು ಹಾಕಿ ಛಾವಣಿಗೆ ಗಟ್ಟಿ ಕೊಂಡಿ ಹಾಕಿಸಿ.

ಹಗ್ಗ ಕಮ್ಮಿ ಇದ್ದರೆ ಗೋಣಿಚೀಲ ಬಳಸಿ. 1970ರ ದಶಕದಲ್ಲಿ ಅವರು ಗೋಣಿಬಟ್ಟೆಯನ್ನು ಅಚ್ಚಿಗೆ ಒತ್ತಿ, ಅಂಟು ಹಾಕಿ ಒಣಗಿಸಿ ಮನುಷ್ಯರ ಬೆನ್ನಿನ ಆಕೃತಿ ಮಾಡಿದರು, ಒಂದೆರಡಲ್ಲ, 80. ಷಿಕಾಗೋದಲ್ಲಿ 2006ರಲ್ಲಿ ನಿಲ್ಲಿಸಿದ ಅವರ 106 ಆಕೃತಿಗಳು ಮಾತ್ರ ಎರಕದ ಕಬ್ಬಿಣದವು, ಅದು ನಮ್ಮ ಕೈಲಾಗದ ಕೆಲಸ ಬಿಡಿ. ಅಬಕನೊವಿಚ್ 2017ರಲ್ಲಿ ತೀರಿಕೊಂಡರು.

ನಿಮ್ಮ ಹಗ್ಗ ಎಷ್ಟು ದಪ್ಪ ಇದೆ ಅಂತ ಇನ್ನೊಂದು ಫೋಟೋ ಹಾಕಿ, ಮಗ್ಗ ಬೇಕಾ ಬರೀ ಚೌಕಟ್ಟು ಸಾಕಾ ಅಂತ ಹೇಳುತ್ತೇನೆ.