ತೂಕ ನೋಡುವುದನ್ನು ಮುಂದಕ್ಕೆ ಹಾಕಬೇಡಿ

ನಾಲ್ಕು ವರ್ಷದ ಮಗನಿಗೆ ಮೂರ್ಛೆರೋಗವಿದೆ, ಆಹಾರ ಹೊಟ್ಟೆಗೆ ಹಾಕಿದ ಟ್ಯೂಬಿನಿಂದ ಹೋಗುತ್ತದೆ; ಇನ್ನೊಂದು ಮಹಾಸಾಂಕ್ರಾಮಿಕ ಬಂದರೆ ಮಕ್ಕಳ ವೈದ್ಯರನ್ನು ವಿಡಿಯೊ ಕರೆಯಲ್ಲಿ ಕಂಡರೆ ಸಾಕೇ ಎಂದು ಕೇಳಿದ್ದೀರಿ. ಸಾಲದು. ನನ್ನ ಮಗಳ ಸ್ಥಿತಿಯೂ ಹೆಚ್ಚುಕಡಿಮೆ ಇದೇ ಆದ್ದರಿಂದ ನಮಗೆ ಆದದ್ದನ್ನೇ ಹೇಳುತ್ತೇನೆ.

2020ರ ಮಾರ್ಚ್ 11ರಂದು ವಿಶ್ವ ಆರೋಗ್ಯ ಸಂಸ್ಥೆ ಕೋವಿಡ್ ಅನ್ನು ಮಹಾಸಾಂಕ್ರಾಮಿಕವೆಂದು ಘೋಷಿಸಿದಾಗ ಅವಳಿಗೆ ಮೂರು ವರ್ಷ. ಅಲ್ಲಿಂದ ಅಕ್ಟೋಬರ್‌ವರೆಗೆ ಅವಳನ್ನು ಹೊಸ್ತಿಲು ದಾಟಿಸಲಿಲ್ಲ. ನರರೋಗ ತಜ್ಞರು, ಶಸ್ತ್ರಚಿಕಿತ್ಸಕರು, ಫಿಸಿಯೋಥೆರಪಿಯವರು ಎಲ್ಲರೂ ಕರೆಯಲ್ಲಿ ಸಿಗುತ್ತಿದ್ದರು. ಹುಟ್ಟಿದಂದಿನಿಂದ ಅವಳನ್ನು ನೋಡುತ್ತಿದ್ದ ಮಕ್ಕಳ ವೈದ್ಯರ ಬಳಿ ಹೋಗುವುದನ್ನು ಮಾತ್ರ ನಾವೇ ಬಿಟ್ಟೆವು. ಜ್ವರವಿಲ್ಲ, ಕೆಮ್ಮಿಲ್ಲ, ಸೋಂಕಿನ ನಡುವೆ ಏಕೆ ಹೋಗಬೇಕು ಎನಿಸಿತ್ತು. ಒಂದು ರಾತ್ರಿ ಮೂರು ಬಾರಿ ಫಿಟ್ಸ್ ಬಂದವು. ಆಸ್ಪತ್ರೆಯಲ್ಲಿ ತೂಗಿದರೆ, 11 ಕಿಲೋ ಇದ್ದವಳು 13 ಕಿಲೋ ಆಗಿದ್ದಳು. ಔಷಧಿ ಇನ್ನೂ 11 ಕಿಲೋ ಲೆಕ್ಕದಲ್ಲೇ ನಡೆದಿತ್ತು. ಮಕ್ಕಳ ಔಷಧಿಯ ಪ್ರಮಾಣವನ್ನು ತೂಕ ನೋಡಿ ನಿರ್ಧರಿಸುತ್ತಾರೆಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ತೂಗಲಿಲ್ಲವಲ್ಲ ಎಂಬ ನೋವು ಇಂದಿಗೂ ಹೋಗಿಲ್ಲ.

ನಿಲ್ಲಲಾರದ ಮಗುವನ್ನು ಮನೆಯಲ್ಲೇ ತೂಗಬಹುದು. ಮೊದಲು ಮಗುವನ್ನು ಎತ್ತಿಕೊಂಡು ತೂಕದ ಯಂತ್ರದ ಮೇಲೆ ನಿಲ್ಲಿ, ಆಮೇಲೆ ನೀವೊಬ್ಬರೇ ನಿಂತು ಕಳೆಯಿರಿ. ಪ್ರತಿ ತಿಂಗಳೂ ಅದೇ ಯಂತ್ರದಲ್ಲಿ ತೂಗಿ, ದಿನಾಂಕ ಬರೆದು ವೈದ್ಯರಿಗೆ ಕಳುಹಿಸಿ. ಪ್ರಮಾಣವನ್ನು ಅವರೇ ಬದಲಿಸಬೇಕು. ನೀವಾಗಿ ಏರಿಸುವುದೂ ಬೇಡ, ಔಷಧಿಯನ್ನು ಹಠಾತ್ತಾಗಿ ನಿಲ್ಲಿಸುವುದೂ ಬೇಡ.

ವಿಡಿಯೊ ಕರೆಯನ್ನು ನಾನು ಹಳಿಯುವುದಿಲ್ಲ. ಫಿಟ್ಸ್ ಬಂದಾಗ ಮೊಬೈಲಿನಲ್ಲಿ ತೆಗೆದ ದೃಶ್ಯ ನಮ್ಮ ಹತ್ತು ಮಾತಿಗಿಂತ ವೈದ್ಯರಿಗೆ ಹೆಚ್ಚು ತಿಳಿಸಿತು. ಟ್ಯೂಬಿನ ಸುತ್ತಲಿನ ಚರ್ಮವನ್ನೂ, ಅಂಗಿ ಬಿಚ್ಚಿಸಿ ಉಸಿರಾಟದಲ್ಲಿ ಎದೆ ಒಳಸೇದುತ್ತಿದೆಯೇ ಎಂಬುದನ್ನೂ ಅವರು ನೋಡಬಲ್ಲರು. ಆದರೆ ಎದೆಗೆ ಸ್ಟೆತಸ್ಕೋಪ್ ಇಡುವುದು, ಸೊಂಟದ ಕೀಲು ಪರೀಕ್ಷಿಸುವುದು, ರಕ್ತ ತೆಗೆಯುವುದು, ಲಸಿಕೆ ಹಾಕುವುದು ಪರದೆಯ ಮೂಲಕ ಆಗದು. ಇವೆಲ್ಲಕ್ಕೂ ಸೇರಿಸಿ ಒಂದೇ ಭೇಟಿ ಕೇಳಿ, ದಿನದ ಮೊದಲ ಸಮಯವನ್ನೇ ಕೇಳಿ, ಕರೆಯುವವರೆಗೆ ಹೊರಗೇ ಇರಿ. ನಾವು ಕೇಳುವ ತನಕ ಇಂಥ ಏರ್ಪಾಡು ಸಾಧ್ಯವೆಂದು ನಮಗೆ ಹೊಳೆದೇ ಇರಲಿಲ್ಲ.

ಲಸಿಕೆ ತಪ್ಪಿಸಬೇಡಿ. 2020ರಲ್ಲಿ ಜಗತ್ತಿನ 2.3 ಕೋಟಿ ಮಕ್ಕಳು ಮೂಲ ಲಸಿಕೆಗಳಿಂದ ವಂಚಿತರಾದರೆಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಲೆಕ್ಕ ಕೊಟ್ಟಿದ್ದವು. ಮಗ ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧಿ ತೆಗೆದುಕೊಳ್ಳುತ್ತಿದ್ದರೆ ಯಾವ ಲಸಿಕೆ ಹಾಕಬಾರದೆಂದು ಮೊದಲೇ ವಿಚಾರಿಸಿ. ಮನೆಯ ಉಳಿದವರು ತಮ್ಮದನ್ನು ತಪ್ಪದೆ ಹಾಕಿಸಿಕೊಳ್ಳಲಿ.

ಇನ್ನೊಂದು ವಿಷಯ, ಇದನ್ನು ಯಾರೂ ನಮಗೆ ಹೇಳಿರಲಿಲ್ಲ. ನಾನೂ ನನ್ನ ಗಂಡನೂ ಒಟ್ಟಿಗೇ ಸೋಂಕು ತಗುಲಿ ಮಲಗಿದೆವು. ಮಗಳನ್ನು ನೋಡಿಕೊಳ್ಳಲು ಬಂದ ನನ್ನ ತಂಗಿ ಅದುವರೆಗೆ ಟ್ಯೂಬನ್ನು ಮುಟ್ಟಿದವಳೇ ಅಲ್ಲ. ಮುಚ್ಚಿದ ಬಾಗಿಲಾಚೆಯಿಂದ ನಾನು ಒಂದೊಂದಾಗಿ ಹೇಳುತ್ತಿದ್ದೆ, ಅವಳು ಅಳುತ್ತಲೇ ಮಾಡುತ್ತಿದ್ದಳು. ಆಮೇಲೆ ಮಕ್ಕಳ ವೈದ್ಯರೊಂದಿಗೆ ಕುಳಿತು ಒಂದು ಹಾಳೆ ಸಿದ್ಧಮಾಡಿದೆವು: ಕಾಯಿಲೆಗಳ ಹೆಸರು, ಈಗಿನ ತೂಕ, ಪ್ರತಿ ಔಷಧಿ ಎಷ್ಟು ಮಿಲಿಗ್ರಾಂ ಮತ್ತು ಎಷ್ಟು ಮಿಲಿ, ಟ್ಯೂಬಿನ ಅಳತೆ, ಚೆನ್ನಾಗಿರುವಾಗ ಅವಳ ಆಮ್ಲಜನಕದ ಮಟ್ಟ, ಫಿಟ್ಸ್ ಎಷ್ಟು ನಿಮಿಷ ಮೀರಿದರೆ ಯಾವ ಔಷಧಿ ಕೊಡಬೇಕು. ಅದರ ಒಂದು ಪ್ರತಿ ನಮ್ಮ ಮನೆಯ ಕಪಾಟಿನ ಬಾಗಿಲಿನಲ್ಲಿದೆ, ಇನ್ನೊಂದು ತಂಗಿಯ ಮನೆಯಲ್ಲಿದೆ. ತೂಕ ಬದಲಾದಾಗಲೆಲ್ಲ ಎರಡನ್ನೂ ಹೊಸದಾಗಿ ಬರೆಯುತ್ತೇನೆ.